ರಿಂಗ್ ಕೆಳಗೆ ಎತ್ತರ ಬೇಕು: ಕಲಬುರಗಿ ಭಾಗದ ಬಾಸ್ಕೆಟ್‌ಬಾಲ್ ಎಲ್ಲಿ ಸೋಲುತ್ತಿದೆ

ಕಲಬುರಗಿ, ಬೀದರ್, ಯಾದಗಿರಿಯ ತಂಡಗಳು ವಿಭಾಗ ಮಟ್ಟ ದಾಟಿ ರಾಜ್ಯಮಟ್ಟಕ್ಕೆ ಹೋದಾಗ ಸೋಲುವ ರೀತಿ ಹೆಚ್ಚುಕಡಿಮೆ ಒಂದೇ. ಮೊದಲ ಕ್ವಾರ್ಟರ್‌ನಲ್ಲಿ ನಮ್ಮ ಗಾರ್ಡ್‌ಗಳು, ಅಂದರೆ ರಿಂಗಿನಿಂದ ದೂರ ನಿಂತು ಚೆಂಡು ನಡೆಸುವವರು, ಚೆನ್ನಾಗಿ ಓಡುತ್ತಾರೆ, ಚೆಂಡು ಕಸಿಯುತ್ತಾರೆ, ಸ್ಕೋರು ಸಮಸಮ ಇರುತ್ತದೆ. ಎರಡನೇ ಕ್ವಾರ್ಟರ್‌ನ ನಡುವೆ ಬೆಂಗಳೂರಿನ ಅಥವಾ ಮೈಸೂರಿನ ಕೋಚ್ ತಮ್ಮ ಇಬ್ಬರು ಉದ್ದನೆ ಹುಡುಗರನ್ನು ಒಟ್ಟಿಗೆ ಒಳಗಿಳಿಸುತ್ತಾರೆ. ಅಲ್ಲಿಂದಾಚೆ ಆಟವೆಲ್ಲ ರಿಂಗಿನ ಸುತ್ತಲೇ. ಅವರ ಶಾಟ್ ತಪ್ಪಿದರೂ ಚೆಂಡು ಅವರ ಕೈಗೇ ಮರಳುತ್ತದೆ. ನಮ್ಮ ಶಾಟ್ ತಪ್ಪಿದರೆ ಅಲ್ಲಿಗೆ ಮುಗಿಯಿತು. ಮೂರನೇ ಕ್ವಾರ್ಟರ್ ಮುಗಿಯುವಷ್ಟರಲ್ಲಿ ನಮ್ಮ ಒಳಗಿನ ಆಟಗಾರರಿಬ್ಬರ ಹೆಸರಲ್ಲಿ ನಾಲ್ಕು ನಾಲ್ಕು ಫೌಲ್.

ಪಂದ್ಯ ಮುಗಿದ ಮೇಲೆ ಎಲ್ಲರ ಬಾಯಲ್ಲೂ 'ಹೈಟ್ ಇಲ್ಲ' ಎಂಬ ಮಾತು ಬರುತ್ತದೆ. ಮಾತು ನಿಜ. ಆದರೆ ಅದನ್ನು ಹಣೆಬರಹ ಎಂಬಂತೆ ಹೇಳಿ ಕೈಬಿಡುವುದನ್ನು ನಾನು ಒಪ್ಪುವುದಿಲ್ಲ. ಈ ಮೂರು ಜಿಲ್ಲೆಗಳಲ್ಲಿ ಎತ್ತರದ ಮಕ್ಕಳು ಇದ್ದಾರೆ. ಅವರು ಬಾಸ್ಕೆಟ್‌ಬಾಲ್ ಅಂಕಣದವರೆಗೆ ಬರುತ್ತಿಲ್ಲ, ಬಂದವರು ಉಳಿಯುತ್ತಿಲ್ಲ. ಇನ್ನಷ್ಟು ಮಕ್ಕಳು ಬೆಳೆಯಬೇಕಾದಷ್ಟು ಬೆಳೆಯುತ್ತಲೇ ಇಲ್ಲ. ಇವು ಬೇರೆ ಬೇರೆ ಸಮಸ್ಯೆಗಳು, ಪರಿಹಾರವೂ ಬೇರೆ ಬೇರೆ.

ಮೊದಲು ಆಟದ ಲೆಕ್ಕ ನೋಡೋಣ. ಐವರಲ್ಲಿ ಒಂದು, ಎರಡನೇ ನಂಬರಿನವರು ಗಾರ್ಡ್‌ಗಳು. ಮೂರನೇ ನಂಬರಿನವರು ಹೊರಗೂ ಒಳಗೂ ಆಡುವವರು. ನಾಲ್ಕು ಮತ್ತು ಐದು, ಅಂದರೆ ಪವರ್ ಫಾರ್ವರ್ಡ್ ಮತ್ತು ಸೆಂಟರ್, ರಿಂಗಿನ ಹತ್ತಿರ ನಿಲ್ಲುವವರು. ಇಲ್ಲಿ ಮುಖ್ಯವಾಗಿ ಈ ಕೊನೆಯ ಇಬ್ಬರ ಮಾತು. ರಿಂಗಿನ ಎತ್ತರ 3.05 ಮೀಟರ್. ಇದು ಗಂಡಸರಿಗೂ ಹೆಂಗಸರಿಗೂ, ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೂ ಚಿತ್ತಾಪುರದ ಕಾಲೇಜು ಮೈದಾನಕ್ಕೂ ಒಂದೇ. ಮನುಷ್ಯ ನಿಂತು ಕೈ ಎತ್ತಿದರೆ ಬೆರಳ ತುದಿ ಸಾಮಾನ್ಯವಾಗಿ ಅವನ ಎತ್ತರದ ಸುಮಾರು 1.33 ಪಟ್ಟು ಮುಟ್ಟುತ್ತದೆ. 180 ಸೆಂ.ಮೀ. ಇರುವ ನಮ್ಮ ಸೆಂಟರ್‌ನ ಕೈ 240ರ ಹತ್ತಿರ ಹೋಗುತ್ತದೆ, 195 ಸೆಂ.ಮೀ. ಇರುವ ಎದುರಾಳಿಯ ಕೈ 260ರ ಹತ್ತಿರ. ಎತ್ತರದಲ್ಲಿ 15 ಸೆಂ.ಮೀ. ಇದ್ದ ಅಂತರ ಕೈ ಎತ್ತಿದಾಗ 20 ಆಗುತ್ತದೆ. ನೆಲದಿಂದ 20 ಸೆಂ.ಮೀ. ಮೇಲೇಳಲು ಸೆಕೆಂಡಿನ ಐದರಲ್ಲೊಂದು ಭಾಗ ಬೇಕು. ನಮ್ಮವನು ಹಾರಿ ತಲುಪುವ ಜಾಗದಲ್ಲಿ ಅವನ ಕೈ ಆಗಲೇ ಇರುತ್ತದೆ. ನಮ್ಮವನು ಸೋಮಾರಿಯಲ್ಲ, ಅವನು ಎದುರಾಳಿಗಿಂತ ಹೆಚ್ಚು ಹಾರುತ್ತಾನೆ. ಆದರೂ ತಡವಾಗುತ್ತದೆ.

ಈ ತಡ ಸ್ಕೋರ್‌ಬೋರ್ಡಿಗೆ ಹೇಗೆ ಏರುತ್ತದೆ ಎಂಬುದಕ್ಕೆ ಒಂದು ಅಂದಾಜು. ಎದುರಾಳಿ ತಂಡ ಒಂದು ಪಂದ್ಯದಲ್ಲಿ 35 ಶಾಟ್ ತಪ್ಪಿಸಿತು ಎಂದುಕೊಳ್ಳಿ. ತಪ್ಪಿದ ನಾಲ್ಕರಲ್ಲಿ ಒಂದನ್ನು ಅವರೇ ಹಿಡಿದರೆ ಒಂಬತ್ತು ಮರುಅವಕಾಶ. ಐದರಲ್ಲಿ ಎರಡು ಹಿಡಿದರೆ ಹದಿನಾಲ್ಕು. ವ್ಯತ್ಯಾಸ ಐದೇ. ಆದರೆ ಆ ಐದೂ ರಿಂಗಿನ ಕೆಳಗೆ, ಕೈಯಳತೆಯಲ್ಲಿ ಸಿಗುವ ಅವಕಾಶಗಳು. ಅದರಲ್ಲಿ ಅರ್ಧ ಬಾಸ್ಕೆಟ್ ಆದರೂ ಐದು ಪಾಯಿಂಟ್, ಜೊತೆಗೆ ನಮ್ಮ ಮೇಲೆ ಬೀಳುವ ಫೌಲ್, ಅದರಿಂದ ಸಿಗುವ ಫ್ರೀ ಥ್ರೋ. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್‌ಗಳ ಆಟದಲ್ಲಿ ಪಂದ್ಯ ಕೈತಪ್ಪಲು ಇಷ್ಟು ಸಾಕು. ರಿಂಗಿಗೆ ಬಡಿದ ಚೆಂಡನ್ನು ದಾಳಿಯ ತಂಡವೇ ಹಿಡಿದರೆ ಶಾಟ್ ಹಾಕಲು ಇರುವ ಸಮಯದ ಗಡಿಯಾರ ಮತ್ತೆ 14 ಸೆಕೆಂಡಿಗೆ ಬರುತ್ತದೆ. ಅಷ್ಟು ಹೊತ್ತು ನಮ್ಮವರು ಮತ್ತೆ ಬಾಗಿ, ಕೈ ಅಗಲಿಸಿ ಕಾಯಬೇಕು. ನಾಲ್ಕನೇ ಕ್ವಾರ್ಟರ್‌ನಲ್ಲಿ ನಮ್ಮ ಗಾರ್ಡ್‌ಗಳ ಕಾಲು ಸೋಲುವುದಕ್ಕೆ ಇದೂ ಒಂದು ಕಾರಣ.

ಎತ್ತರದ ಕಾಲ ಮುಗಿಯಿತು, ಈಗ ಎಲ್ಲ ಮೂರು ಪಾಯಿಂಟಿನ ಆಟ ಎನ್ನುವವರು ನಮ್ಮಲ್ಲೂ ಇದ್ದಾರೆ. 2015ರ ಎನ್‌ಬಿಎ ಫೈನಲ್‌ನಲ್ಲಿ ಗೋಲ್ಡನ್ ಸ್ಟೇಟ್ ತಂಡ ತನ್ನ ದೊಡ್ಡ ಸೆಂಟರ್ ಆಂಡ್ರ್ಯೂ ಬೋಗಟ್‌ನನ್ನು ಬೆಂಚಿಗೆ ಕೂರಿಸಿ, ಡ್ರೇಮಂಡ್ ಗ್ರೀನ್‌ನನ್ನು ಸೆಂಟರ್ ಜಾಗದಲ್ಲಿ ಆಡಿಸಿ ಗೆದ್ದಿತಲ್ಲ ಎನ್ನುತ್ತಾರೆ. ಗೆದ್ದದ್ದು ಹೌದು. ಆದರೆ ಅಲ್ಲಿ 'ಗಿಡ್ಡ' ಎನಿಸಿಕೊಂಡ ಗ್ರೀನ್‌ನ ಎತ್ತರ ಆರಡಿ ಆರಿಂಚು, ತೋಳು ಅಗಲಿಸಿದರೆ ಏಳಡಿಗೂ ಹೆಚ್ಚು. ನಮ್ಮ ಜಿಲ್ಲಾ ತಂಡಗಳಲ್ಲಿ ಅಂಥವನು ಸಿಕ್ಕರೆ ಅವನೇ ಎಲ್ಲರಿಗಿಂತ ಎತ್ತರದವನು. ಅವರ ಚಿಕ್ಕ ತಂಡದ ಪಾಠವನ್ನು ಐದಡಿ ಹನ್ನೊಂದಿಂಚಿನ ಸೆಂಟರ್‌ಗೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಮುಖ್ಯ ವಿಷಯವನ್ನು ಟಿವಿಯಲ್ಲಿ ಎನ್‌ಬಿಎ ನೋಡಿ ಬೆಳೆದ ಹುಡುಗರು ಮರೆಯುತ್ತಾರೆ. ನಾವು ಆಡುವುದು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ ನಿಯಮದಲ್ಲಿ. ಎನ್‌ಬಿಎಯಲ್ಲಿ ಡಿಫೆಂಡರ್ ಯಾರನ್ನೂ ಕಾಯದೆ ಪೇಂಟ್, ಅಂದರೆ ರಿಂಗಿನ ಕೆಳಗಿನ ಬಣ್ಣದ ಚೌಕದ ಒಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಫಿಬಾದಲ್ಲಿ ಆ ನಿರ್ಬಂಧ ದಾಳಿ ಮಾಡುವವರಿಗೆ ಮಾತ್ರ, ಕಾಯುವವನು ಅಲ್ಲೇ ಬೀಡುಬಿಡಬಹುದು. ಹಾಗೆಯೇ ಚೆಂಡು ಒಮ್ಮೆ ರಿಂಗಿಗೆ ಬಡಿದರೆ, ಅದು ರಿಂಗಿನ ಮೇಲೆ ಕುಣಿಯುತ್ತಿದ್ದರೂ ಫಿಬಾದಲ್ಲಿ ಅದನ್ನು ಮುಟ್ಟಬಹುದು, ತಳ್ಳಿ ಹಾಕಬಹುದು. ಎನ್‌ಬಿಎಯಲ್ಲಿ ಹಾಗೆ ಮಾಡಿದರೆ ತಪ್ಪು. ಎರಡೂ ನಿಯಮಗಳ ಲಾಭ ಉದ್ದ ಕೈಯವನಿಗೇ. ಹಾಗಾಗಿ ನಾವು ಆಡುವ ಆಟದಲ್ಲಿ ಎತ್ತರಕ್ಕೆ ಅಮೆರಿಕಕ್ಕಿಂತ ಒಂದು ತೂಕ ಹೆಚ್ಚೇ ಇದೆ.

ಹಾಗಾದರೆ ಎತ್ತರದವರು ಎಲ್ಲಿ ಹೋದರು? ಒಂದು ಉತ್ತರವಂತೂ ಕಣ್ಣೆದುರೇ ಇದೆ, ಅದನ್ನು ಯಾರೂ ಆಟದ ಜೊತೆ ಸೇರಿಸಿ ನೋಡುವುದಿಲ್ಲ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಶುರುವಾದಾಗ ಬೀದರ್‌ನಿಂದ ಬಳ್ಳಾರಿಯವರೆಗಿನ ಕಾಲೇಜುಗಳು ಅದರ ಅಡಿ ಇದ್ದವು. ವಿ.ವಿ. ತಂಡದ ಆಯ್ಕೆ ಎಂದರೆ ಇಡೀ ಸೀಮೆಯ ಆಯ್ಕೆ. 2010ರಲ್ಲಿ ಬಳ್ಳಾರಿ, ಕೊಪ್ಪಳದ ಕಾಲೇಜುಗಳು ಬೇರೆ ವಿಶ್ವವಿದ್ಯಾಲಯಕ್ಕೆ ಹೋದವು. ಆಮೇಲೆ ರಾಯಚೂರು ವಿಶ್ವವಿದ್ಯಾಲಯ ಬಂದು ರಾಯಚೂರು, ಯಾದಗಿರಿ ಜಿಲ್ಲೆಗಳು ಅದಕ್ಕೆ ಸೇರಿದವು. 2023ರಲ್ಲಿ ಬೀದರ್‌ಗೂ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು. ಓದಿನ ದೃಷ್ಟಿಯಿಂದ ಇದು ಒಳ್ಳೆಯದು, ಹಳ್ಳಿ ಹುಡುಗಿಗೆ ಪದವಿ ಹತ್ತಿರವಾಗಿದೆ. ಆದರೆ ಬಾಸ್ಕೆಟ್‌ಬಾಲ್ ಕೋಚ್‌ನ ಕಣ್ಣಿಂದ ನೋಡಿದರೆ, ಮೊದಲು ಒಂದು ತಂಡ ಆರಿಸುತ್ತಿದ್ದ ಬಳಗದಿಂದ ಈಗ ಕನಿಷ್ಠ ನಾಲ್ಕು ತಂಡ ಆರಿಸಬೇಕು. ಗಾರ್ಡ್‌ಗಳು ಎಲ್ಲ ಕಡೆ ಸಿಗುತ್ತಾರೆ. ಆರಡಿ ಮೂರಿಂಚಿನವರು ಸಿಗುವುದಿಲ್ಲ.

ಕಲಬುರಗಿ ಊರೊಳಗೂ ಇದೇ ಕಥೆ. ಎಂಜಿನಿಯರಿಂಗ್ ಓದುವ ಹುಡುಗ ವಿಟಿಯು ಕಡೆಯಿಂದ ಆಡಬೇಕು, ಮೆಡಿಕಲ್ ಹುಡುಗ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಡೆಯಿಂದ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಬೇರೆ, ಶರಣಬಸವ ವಿಶ್ವವಿದ್ಯಾಲಯ ಬೇರೆ. ಮೂವತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ನಾಲ್ಕೈದು ಉದ್ದನೆ ಹುಡುಗರಿದ್ದರೂ ನಾಲ್ಕೈದು ತಂಡಗಳಲ್ಲಿ ಹಂಚಿಹೋಗುತ್ತಾರೆ. ಪ್ರತಿ ತಂಡದಲ್ಲೂ ಒಬ್ಬೊಬ್ಬನೇ ಸೆಂಟರ್, ಅಭ್ಯಾಸದಲ್ಲಿ ಅವನನ್ನು ಎದುರಿಸಲು ಅವನಷ್ಟು ಎತ್ತರದವನು ಇಲ್ಲ. ನನಗೆ ಎಲ್ಲಕ್ಕಿಂತ ದೊಡ್ಡ ನಷ್ಟವಾಗಿ ಕಾಣುವುದು ಇದು. ದೊಡ್ಡವನು ಕಲಿಯುವುದು ಇನ್ನೊಬ್ಬ ದೊಡ್ಡವನ ಎದುರು. ವರ್ಷವಿಡೀ ಐದಡಿ ಎಂಟಿಂಚಿನ ಗೆಳೆಯರ ತಲೆ ಮೇಲಿಂದ ಚೆಂಡು ಹಾಕುತ್ತ ಬಂದವನು ಪಂದ್ಯದ ದಿನ ಮೊದಲ ಬಾರಿಗೆ ತನ್ನ ಶಾಟಿಗೆ ಕೈ ಅಡ್ಡ ಬಂದದ್ದು ನೋಡಿ ತಬ್ಬಿಬ್ಬಾಗುತ್ತಾನೆ.

ವಿಶ್ವವಿದ್ಯಾಲಯಗಳನ್ನು ಒಂದು ಮಾಡಲಾಗದು. ಅಭ್ಯಾಸವನ್ನು ಒಂದು ಮಾಡಬಹುದು. ವಾರಕ್ಕೆ ಎರಡು ಬೆಳಗ್ಗೆ ಊರಿನ ಎಲ್ಲ ಕಾಲೇಜುಗಳ ನಾಲ್ಕು, ಐದನೇ ನಂಬರಿನವರು ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಸೇರಿ ರಿಂಗಿನ ಕೆಳಗಿನ ಆಟವನ್ನಷ್ಟೇ ಅಭ್ಯಾಸ ಮಾಡಿದರೆ, ಒಂದೇ ಸೀಸನ್‌ನಲ್ಲಿ ವ್ಯತ್ಯಾಸ ಕಾಣುತ್ತದೆ. ಬೀದರ್‌ನ ನೆಹರು ಕ್ರೀಡಾಂಗಣದಲ್ಲೂ ಇದು ಆಗಬಹುದು. ಖರ್ಚು ಕಡಿಮೆ. ಬೇಕಾಗಿರುವುದು ದೈಹಿಕ ಶಿಕ್ಷಣ ನಿರ್ದೇಶಕರು ನಾಲ್ಕು ಜನ ಕೂತು ಮಾತಾಡುವುದು.

ಇನ್ನು ಮಕ್ಕಳು ಬೆಳೆಯುವ ಪ್ರಶ್ನೆ. ಇಲ್ಲಿ ಆಟದ ಮಾತು ಅಂಗನವಾಡಿಗೆ ಹೋಗುತ್ತದೆ, ಹೋಗಲೇಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಈ ಪ್ರಮಾಣ ಅರ್ಧಕ್ಕಿಂತ ಹೆಚ್ಚು. ಗುಳೆ ಹೋಗುವ ತಾಂಡಾಗಳು, ಬಾಣಂತಿಯ ತಟ್ಟೆಯಲ್ಲಿ ಕಡಿಮೆಯಾಗುವ ಬೇಳೆ ಮತ್ತು ಹಾಲು, ಬೇಗ ಆಗುವ ಮದುವೆ, ಮತ್ತೆ ಮತ್ತೆ ಬರುವ ಭೇದಿ, ಇವೆಲ್ಲ ಸೇರಿ ಮಗುವಿನ ಮೊದಲ ಎರಡು ವರ್ಷದಲ್ಲೇ ಎತ್ತರವನ್ನು ಕಸಿಯುತ್ತವೆ. ಆಮೇಲೆ ಎಷ್ಟು ಉಣಿಸಿದರೂ ಕಳೆದುಕೊಂಡದ್ದು ಪೂರ್ತಿ ಮರಳುವುದಿಲ್ಲ.

ಸರಾಸರಿಯಲ್ಲಿ ಎರಡು ಮೂರು ಸೆಂಟಿಮೀಟರ್ ಹೋದರೆ ಏನಂತೆ, ಉದ್ದ ಇರುವವರು ಹೇಗೂ ಇರುತ್ತಾರಲ್ಲ ಎಂದು ಅನಿಸಬಹುದು. ಸಂಖ್ಯಾಶಾಸ್ತ್ರ ಬೇರೆಯೇ ಹೇಳುತ್ತದೆ. ಗಂಡಸರ ಸರಾಸರಿ ಎತ್ತರ 165 ಸೆಂ.ಮೀ., ಸರಾಸರಿಯ ಸುತ್ತ ಎತ್ತರ ಎಷ್ಟು ಹರಡಿದೆ ಎಂದು ಹೇಳುವ ಮಾನಕ ವಿಚಲನೆ 6.5 ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಆರಡಿ ಎರಡಿಂಚು ಅಂದರೆ 188 ಸೆಂ.ಮೀ. ದಾಟುವವರು ಸುಮಾರು ಐದು ಸಾವಿರಕ್ಕೆ ಒಬ್ಬರು. ಸರಾಸರಿ 168 ಆದರೆ ಸಾವಿರಕ್ಕೆ ಒಬ್ಬರು. ಮೂರೇ ಸೆಂಟಿಮೀಟರ್ ಏರಿಕೆ, ಉದ್ದನೆಯವರ ಸಂಖ್ಯೆ ಐದು ಪಟ್ಟು. ಎತ್ತರದ ತುದಿಯಲ್ಲಿರುವವರು ತೀರ ಕಡಿಮೆ ಇರುವುದರಿಂದ ಸಣ್ಣ ಬದಲಾವಣೆಯೂ ಅಲ್ಲಿ ದೊಡ್ಡದಾಗಿ ಕಾಣುತ್ತದೆ. ಸಾಮಾನ್ಯ ಎತ್ತರದ ಮಕ್ಕಳು ಚೆನ್ನಾಗಿ ಬೆಳೆದ ಊರಿನಲ್ಲಿ ಸೆಂಟರ್‌ಗಳು ತಾವಾಗಿ ಹುಟ್ಟುತ್ತಾರೆ.

2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಅಥವಾ ಬಾಳೆಹಣ್ಣು ಕೊಡಲು ಶುರುಮಾಡಿದಾಗ ಎಷ್ಟು ಚರ್ಚೆಯಾಯಿತು ಎಂಬುದು ನೆನಪಿರಬಹುದು. ಆಮೇಲೆ ಅದು ರಾಜ್ಯಕ್ಕೆಲ್ಲ ಹರಡಿತು, 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಶಾಲೆಯ ಮೊಟ್ಟೆ ಒಂದೇ ಯಾರನ್ನೂ ಆರಡಿ ಮಾಡುವುದಿಲ್ಲ. ಹನ್ನೆರಡರಿಂದ ಹದಿನಾರರ ನಡುವೆ ಮೂಳೆ ಜಿಗಿದು ಬೆಳೆಯುವ ಹೊತ್ತಿಗೆ ಹೊಟ್ಟೆಗೆ ಪ್ರೋಟೀನ್ ಇರುವುದು ಮಾತ್ರ ಅದರಿಂದ ಆಗುತ್ತದೆ. ಅದೂ ಕಡಿಮೆ ಕೆಲಸವಲ್ಲ.

ಎತ್ತರದ ಮಕ್ಕಳನ್ನು ಹುಡುಕುವ ನಮ್ಮ ಕ್ರಮದಲ್ಲೂ ಒಂದು ದೋಷವಿದೆ. ಹದಿಮೂರನೇ ವಯಸ್ಸಿನಲ್ಲಿ ಸಾಲಲ್ಲಿ ನಿಲ್ಲಿಸಿ, ಯಾರ ತಲೆ ಮೇಲಿದೆಯೋ ಅವನನ್ನು ಆರಿಸುತ್ತೇವೆ. ಆ ವಯಸ್ಸಿನಲ್ಲಿ ಎತ್ತರ ಕಾಣುವ ಎಷ್ಟೋ ಹುಡುಗರು ಬೇಗ ಬೆಳೆದು ಬೇಗ ನಿಂತುಬಿಡುವವರು. ಹಿಂದಿನ ಸಾಲಿನ ಸಣಕಲ ಹುಡುಗ, ಮೀಸೆಯ ಸುಳಿವೂ ಇಲ್ಲದವನು, ಹದಿನೇಳಕ್ಕೆ ಎಲ್ಲರನ್ನೂ ದಾಟಿರುತ್ತಾನೆ. ಅಷ್ಟರಲ್ಲಿ ಅವನು ಆಟ ಬಿಟ್ಟಿರುತ್ತಾನೆ. ಮಕ್ಕಳ ವೈದ್ಯರು ಬಳಸುವ ಒಂದು ಸರಳ ಸೂತ್ರವಿದೆ: ಅಪ್ಪ ಅಮ್ಮನ ಎತ್ತರ ಕೂಡಿಸಿ, ಹುಡುಗನಾದರೆ 13 ಸೆಂ.ಮೀ. ಸೇರಿಸಿ, ಹುಡುಗಿಯಾದರೆ 13 ಕಳೆದು, ಎರಡರಿಂದ ಭಾಗಿಸುವುದು. ಬರುವ ಉತ್ತರದಲ್ಲಿ ಎಂಟೊಂಬತ್ತು ಸೆಂ.ಮೀ. ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಆದರೂ ಬರೀ ಕಣ್ಣಳತೆಗಿಂತ ವಾಸಿ. ಜೊತೆಗೆ ಪಾದ ನೋಡಬೇಕು, ಅಂಗೈ ನೋಡಬೇಕು, ಗೋಡೆಗೆ ನಿಲ್ಲಿಸಿ ಕೈ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ಗುರುತು ಹಾಕಬೇಕು. ಆಟದಲ್ಲಿ ಕೆಲಸಕ್ಕೆ ಬರುವುದು ತಲೆಯ ಎತ್ತರಕ್ಕಿಂತ ಕೈಯ ಎತ್ತರ. ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಒಂದು ಟೇಪು, ಒಂದು ಸೀಮೆಸುಣ್ಣ ಸಾಕು. ಜೇವರ್ಗಿಯಲ್ಲೋ ಸುರಪುರದಲ್ಲೋ ವಾಲಿಬಾಲ್ ನೆಟ್ಟಿನ ಹತ್ತಿರ, ಕಬಡ್ಡಿ ಅಂಕಣದಲ್ಲಿ ಅಂಥ ಮಕ್ಕಳು ಪ್ರತಿ ವರ್ಷ ಕಾಣಿಸುತ್ತಾರೆ. ಅವರಿಗೆ ಬಾಸ್ಕೆಟ್‌ಬಾಲ್ ಅಂಕಣವೇ ಗೊತ್ತಿಲ್ಲ, ಏಕೆಂದರೆ ಅವರ ಊರಲ್ಲಿ ಅದಿಲ್ಲ.

ಹುಡುಗಿಯರ ವಿಷಯದಲ್ಲಿ ಅಡ್ಡಿ ಇನ್ನೊಂದು ಬಗೆಯದು. ಒಂಬತ್ತನೇ ತರಗತಿಯಲ್ಲೇ ಐದಡಿ ಏಳಿಂಚು ದಾಟಿದ ಹುಡುಗಿಯನ್ನು ಕ್ಯಾಂಪಿಗೆ ಕಳಿಸಿ ಎಂದು ಕೇಳಲು ಹೋದ ಪಿ.ಇ. ಮಾಸ್ತರಿಗೆ ಅವಳ ತಾಯಿ ಹೇಳಿದ ಮಾತು ಇದು: "ಆಟ ಆಡಿ ಇನ್ನಾ ಎತ್ತರ ಆದ್ಳಂದ್ರ ವರಾ ಎಲ್ಲಿಂದ ತರಮ್ರಿ ಸರ?" ಆಟದಿಂದ ಎತ್ತರ ಹೆಚ್ಚಾಗುವುದಿಲ್ಲ ಎಂದು ವಿವರಿಸಬಹುದು. ಆದರೆ ಆ ತಾಯಿಯ ಚಿಂತೆಗೆ ಉತ್ತರ ಶರೀರಶಾಸ್ತ್ರದಲ್ಲಿ ಇಲ್ಲ, ಮಗಳ ಮುಂದಿನ ಬದುಕಿನಲ್ಲಿದೆ. ಕೇರಳದ ಕೋಟ್ಟಯಂನ ಗೀತು ಅನ್ನಾ ಜೋಸ್ ಆರಡಿ ಎರಡಿಂಚು. ಭಾರತ ತಂಡದ ಸೆಂಟರ್ ಆಗಿದ್ದವರು, ಆಸ್ಟ್ರೇಲಿಯಾದ ಕ್ಲಬ್‌ಗೆ ಆಡಿದವರು, 2011ರಲ್ಲಿ ಅಮೆರಿಕದ ಮಹಿಳಾ ಲೀಗ್ ಡಬ್ಲ್ಯೂಎನ್‌ಬಿಎ ತಂಡಗಳ ಟ್ರಯಲ್ಸ್‌ಗೆ ಹೋದವರು, ದಕ್ಷಿಣ ರೈಲ್ವೆಯಲ್ಲಿ ನೌಕರಿ. ಎತ್ತರದ ಹುಡುಗಿಗೆ ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸ ಸಿಗಬಹುದು ಎಂಬುದನ್ನು ಕಲಬುರಗಿಯ ಒಂದು ಮನೆಯಲ್ಲಿ ಕಣ್ಣಾರೆ ಕಂಡರೆ, ಹತ್ತು ಮನೆಯವರು ಮಕ್ಕಳನ್ನು ಕಳಿಸುತ್ತಾರೆ. ಆ ಮೊದಲ ಹುಡುಗಿಯನ್ನು ಪಿಯುಸಿಯಲ್ಲಿ ಕೈಬಿಡದೆ ಕೊನೆತನಕ ಒಯ್ಯುವ ಹೊಣೆ ಕೋಚ್‌ಗಳದ್ದು, ಇಲಾಖೆಯದ್ದು.

ಎತ್ತರವೊಂದೇ ಸಾಕೇ ಎಂದರೆ ಸಾಲದು. ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋಕೆ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್ ಏಳಡಿ ಎರಡಿಂಚು. ಲುಧಿಯಾನ ಅಕಾಡೆಮಿ ಅವನನ್ನು ಚಿಕ್ಕ ವಯಸ್ಸಿನಲ್ಲೇ ಗುರುತಿಸಿ ಬೆಳೆಸಿತು. 2010ರಲ್ಲಿ ಅಮೆರಿಕಕ್ಕೆ ಹೋದ, 2015ರಲ್ಲಿ ಡಲ್ಲಾಸ್ ತಂಡ ಅವನನ್ನು 52ನೇ ಆಯ್ಕೆಯಾಗಿ ತೆಗೆದುಕೊಂಡಿತು. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ಆದರೆ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಅಷ್ಟು ಹೊತ್ತಿಗೆ ಆ ಲೀಗಿನಲ್ಲಿ ದೊಡ್ಡವನೂ ಗಾರ್ಡ್‌ನಂತೆ ಕಾಲಾಡಿಸಬೇಕಿತ್ತು. ನಮ್ಮ ಕೋಚ್‌ಗಳು ಇದರಿಂದ ಕಲಿಯಬೇಕಾದ್ದಿದೆ. ಹದಿನಾಲ್ಕರ ಉದ್ದನೆ ಹುಡುಗನನ್ನು 'ನೀ ಬರೀ ಕೆಳಗ ನಿಲ್ಲು' ಎಂದು ರಿಂಗಿನ ಕೆಳಗೆ ನೆಟ್ಟುಬಿಡಬಾರದು. ಅವನಿಗೂ ಡ್ರಿಬಲ್ ಕಲಿಸಬೇಕು, ಪಾಸು ಕಲಿಸಬೇಕು, ಹಗ್ಗದಾಟದಿಂದ ಕಾಲು ಹಗುರ ಮಾಡಬೇಕು. ಮಂಡಿಚಿಪ್ಪಿನ ಕೆಳಗೆ ಗಂಟು ಕಟ್ಟಿದಂತಾಗಿ ನೋವು ಎಂದರೆ ಅದನ್ನು ಸೋಗು ಎನ್ನದೆ ವಿಶ್ರಾಂತಿ ಕೊಡಬೇಕು. ಬೇಗ ಬೆಳೆಯುವ ಮಕ್ಕಳಿಗೆ ಅದು ಸಾಮಾನ್ಯ, ನಮ್ಮ ಸಿಮೆಂಟ್ ಅಂಕಣಗಳ ಮೇಲೆ ಹಾರಿ ಹಾರಿ ಇನ್ನೂ ಹೆಚ್ಚಾಗುತ್ತದೆ.

ಇದೆಲ್ಲ ಆಗಲು ಐದಾರು ವರ್ಷ ಬೇಕು. ಈ ಸೀಸನ್‌ಗೆ ಇರುವ ತಂಡದಿಂದಲೇ ಆಡಬೇಕಲ್ಲ. ಅಲ್ಲಿ ಮಾಡಬೇಕಾದ ಮೊದಲ ಕೆಲಸ ಬಾಕ್ಸ್ ಔಟ್, ಅಂದರೆ ಎದುರಾಳಿ ಚೆಂಡಿನ ಹತ್ತಿರ ಬಾರದಂತೆ ಬೆನ್ನಿನಿಂದ ತಡೆಯುವುದು. ಬೆಳಗಿನ ಆರು ಗಂಟೆಗೆ, ಬಿಸಿಲು ಏರುವ ಮುಂಚೆ ನಡೆಯುವ ಒಂದು ಅಭ್ಯಾಸದಲ್ಲಿ ಕಂಡದ್ದು: ಗಿಡ್ಡ ಸೆಂಟರ್ ಪ್ರತಿ ಸಲ ಶಾಟ್ ಹೋದಾಗ ಕತ್ತೆತ್ತಿ ಚೆಂಡು ನೋಡುತ್ತ ನಿಲ್ಲುತ್ತಿದ್ದ.

"ಚೆಂಡ್ ನೋಡಬ್ಯಾಡೋ ತಮ್ಮಾ, ಅವನ್ನ ನೋಡು" ಎಂದರು ಕೋಚ್.

"ಅವಾ ನನಕಿಂತ ಭಾಳ ಎತ್ತರ ಇದ್ದಾನ್ರಿ ಸರ."

"ಇರ್ಲಿ. ಹೊರಳಿ ಬೆನ್ನು ಅವನ ಎದಿಗೆ ಹಚ್ಚು, ಕುಂಡಿ ಕೆಳಗ ಇಳಿಸು, ಮೊಣಕೈ ಅಗಲ ಮಾಡು. ಈಗ ಅವಾ ಎಲ್ಲಿ ಹಾರ್ತಾನ?"

ಆ ಉದ್ದನೆಯವನು ನಿಜವಾಗಿಯೂ ಹಾರಲಾಗದೆ ನಿಂತ. ಚೆಂಡು ಇಬ್ಬರ ಮುಂದೆ ನೆಲಕ್ಕೆ ಬಿತ್ತು, ಓಡಿ ಬಂದ ಗಾರ್ಡ್ ಎತ್ತಿಕೊಂಡ. ಇದರಲ್ಲಿ ಗಮನಿಸಬೇಕಾದ್ದು ಆ ಗಾರ್ಡ್. ಗಿಡ್ಡ ತಂಡದಲ್ಲಿ ಸೆಂಟರ್‌ನ ಕೆಲಸ ರೀಬೌಂಡ್, ಅಂದರೆ ಶಾಟ್ ತಪ್ಪಿ ಪುಟಿದ ಚೆಂಡು, ಹಿಡಿಯುವುದಲ್ಲ, ಎದುರಾಳಿ ಸೆಂಟರ್ ಹಿಡಿಯದಂತೆ ನೋಡಿಕೊಳ್ಳುವುದು. ಹಿಡಿಯಬೇಕಾದವರು ಗಾರ್ಡ್‌ಗಳು. ನಮ್ಮ ಗಾರ್ಡ್‌ಗಳು ಶಾಟ್ ಹೋದ ಕೂಡಲೇ ಫಾಸ್ಟ್ ಬ್ರೇಕ್, ಅಂದರೆ ಎದುರಾಳಿ ಸಜ್ಜಾಗುವ ಮೊದಲೇ ಮಾಡುವ ದಿಢೀರ್ ದಾಳಿಯ ಆಸೆಗೆ ಆಚೆ ಅಂಕಣಕ್ಕೆ ಓಡುತ್ತಾರೆ. ಆ ಎರಡು ಸೆಕೆಂಡು ತಡೆದು ಒಳಗೆ ಬಂದರೆ ಮರುಅವಕಾಶಗಳು ಎಷ್ಟೋ ಕಡಿಮೆಯಾಗುತ್ತವೆ. ಆರಡಿ ಏಳಿಂಚಿನ ಡೆನಿಸ್ ರಾಡ್‌ಮನ್ ಎನ್‌ಬಿಎಯಲ್ಲಿ ತನಗಿಂತ ಎತ್ತರದವರ ನಡುವೆ ಸತತ ಏಳು ಸೀಸನ್ ರೀಬೌಂಡ್‌ನಲ್ಲಿ ಮೊದಲಿಗನಾಗಿದ್ದ. ಚೆಂಡು ಎಲ್ಲಿಂದ ಹೋದರೆ ಎಲ್ಲಿ ಬೀಳುತ್ತದೆ ಎಂಬುದನ್ನು ಅವನು ಓದುತ್ತಿದ್ದ. ಕಾರ್ನರ್‌ನಿಂದ ಹಾಕಿದ ಶಾಟ್ ತಪ್ಪಿದರೆ ಹೆಚ್ಚಾಗಿ ಎದುರು ಬದಿಗೆ ಬೀಳುತ್ತದೆ, ದೂರದ ಶಾಟ್ ದೂರಕ್ಕೆ ಪುಟಿಯುತ್ತದೆ. ಇದನ್ನು ಅಭ್ಯಾಸದಲ್ಲಿ ದಿನಾ ನೋಡಿದರೆ ಯಾರಿಗೂ ಬರುತ್ತದೆ.

ಉಳಿದದ್ದು ಚಿಕ್ಕದು. ಎದುರಾಳಿಯ ಉದ್ದನೆಯವನ ಹಿಂದೆ ನಿಲ್ಲದೆ ಮುಂದೆ ನಿಂತು, ಅವನಿಗೆ ಪಾಸು ಹೋಗುವ ದಾರಿಯನ್ನೇ ಮುಚ್ಚುವುದು. ಅವನನ್ನು ನಮ್ಮ ದಾಳಿಯಲ್ಲಿ ರಿಂಗಿನಿಂದ ಹೊರಗೆ ಎಳೆಯಲು ನಮ್ಮ ಸೆಂಟರ್‌ಗೆ ಹದಿನೈದು ಅಡಿಯ ಶಾಟ್ ಕಲಿಸುವುದು. ಎರಡು–ಮೂರರ ಝೋನ್ (ಆಟಗಾರನನ್ನಲ್ಲ, ಜಾಗವನ್ನು ಕಾಯುವ ರೀತಿ) ಹಾಕಿ ಒಳಗೆ ಮೂವರನ್ನು ನಿಲ್ಲಿಸುವುದನ್ನು ನಮ್ಮ ತಂಡಗಳು ಆಗಲೇ ಮಾಡುತ್ತವೆ. ಆದರೆ ಝೋನ್‌ನಲ್ಲಿ ಯಾರು ಯಾರನ್ನು ಬಾಕ್ಸ್ ಔಟ್ ಮಾಡಬೇಕು ಎಂಬುದು ಗೊಂದಲವಾಗಿ ರೀಬೌಂಡ್ ಇನ್ನೂ ಹೆಚ್ಚು ಸೋರುತ್ತದೆ. ಎತ್ತರ ಕಡಿಮೆ ಇರುವ ತಂಡ ಝೋನ್‌ನ ಆಸರೆಗೆ ಹೋಗುವ ಮೊದಲು ಇದನ್ನು ಯೋಚಿಸಬೇಕು. ನನ್ನ ಮಟ್ಟಿಗೆ ಮ್ಯಾನ್-ಟು-ಮ್ಯಾನ್ ವಾಸಿ, ಅಲ್ಲಿ ಪ್ರತಿಯೊಬ್ಬನಿಗೂ ತಾನು ತಡೆಯಬೇಕಾದವನು ಯಾರೆಂದು ಗೊತ್ತಿರುತ್ತದೆ.

ಉದ್ದನೆ ಹುಡುಗ ಸಿಕ್ಕ ಮೇಲೆ ಅವನನ್ನು ಉಳಿಸಿಕೊಳ್ಳುವ ಖರ್ಚಿನ ಬಗ್ಗೆಯೂ ಮುಚ್ಚುಮರೆ ಬೇಡ. ಹದಿನಾರು ವರ್ಷಕ್ಕೇ ಹನ್ನೆರಡನೇ ನಂಬರಿನ ಬೂಟು ಬೇಕಾಗುವ ಹುಡುಗನಿಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಿದರೂ ಬಾಸ್ಕೆಟ್‌ಬಾಲ್ ಬೂಟು ಸಿಗುವುದು ಕಷ್ಟ. ಹೈದರಾಬಾದ್‌ನಿಂದ ತರಿಸಬೇಕು, ಇಲ್ಲವೆ ಆನ್‌ಲೈನ್ ಆರ್ಡರ್ ಮಾಡಬೇಕು. ಬೆಲೆ ಅವನ ಅಪ್ಪನ ಹಲವು ದಿನದ ಕೂಲಿ. ಆರು ತಿಂಗಳಿಗೆ ಬೂಟಿನ ಅಟ್ಟೆ ಸವೆಯುತ್ತದೆ, ಅಷ್ಟರಲ್ಲಿ ಪಾದವೂ ಬೆಳೆದಿರುತ್ತದೆ. ಹಾಸ್ಟೆಲ್ ಮೆಸ್ಸಿನಲ್ಲಿ ಎಲ್ಲರಿಗೂ ಬಡಿಸಿದಷ್ಟೇ ಅವನಿಗೂ ಬಡಿಸಿದರೆ ಅರೆಹೊಟ್ಟೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಕ್ರೀಡಾಂಗಣದ ಕಟ್ಟಡಗಳಾದರೆ ಸಾಲದು. ಮೂರು ಜಿಲ್ಲೆಯಿಂದ ಆರಿಸಿದ ಇಪ್ಪತ್ತು ಹುಡುಗರು, ಇಪ್ಪತ್ತು ಹುಡುಗಿಯರಿಗೆ ವರ್ಷಕ್ಕೆ ಎರಡು ಜೊತೆ ಬೂಟು, ದಿನಕ್ಕೆ ಹಾಲು, ಮೊಟ್ಟೆ, ಶೇಂಗಾ, ಬೇಳೆ, ಅಭ್ಯಾಸಕ್ಕೆ ಬಂದುಹೋಗುವ ಬಸ್ ಚಾರ್ಜು, ಇಷ್ಟನ್ನು ಐದು ವರ್ಷ ತಪ್ಪದೆ ಕೊಡುವ ಯೋಜನೆ ಬೇಕು. ಮುಂದಿನ ಶಾಲಾ ಕ್ರೀಡಾಕೂಟಗಳು ತಾಲ್ಲೂಕುಗಳಲ್ಲಿ ಶುರುವಾಗುವ ಮೊದಲೇ ಆ ಪಟ್ಟಿ ಮಾಡುವವರು ಯಾರು, ಅಳತೆ ಟೇಪು ಹಿಡಿದು ಹೋಗುವವರು ಯಾರು ಎಂಬುದು ಮೂರೂ ಜಿಲ್ಲೆಗಳ ಕ್ರೀಡಾ ಇಲಾಖೆ ಕಚೇರಿಗಳಲ್ಲಿ ತೀರ್ಮಾನವಾಗಬೇಕು.